ಹಕ್ಕಿಯ ರಕ್ತದಲ್ಲಿ ಸಿಕ್ಕಿದ್ದು, ಕಾಡಿನಲ್ಲಿ ಹುಡುಕಬೇಕಾದ್ದು

ಪುಟ್ಟಿ, ನೀನು ಕಳಿಸಿದ ಸಂಶೋಧನಾ ಪ್ರಸ್ತಾವವನ್ನು ನಿಧಾನವಾಗಿ ಕೂತು ಓದಿದೆ. ಪಶ್ಚಿಮ ಘಟ್ಟದ ನೆತ್ತಿಯ ಶೋಲಾ ಕಾಡಿನ ಹಕ್ಕಿಗಳ ರಕ್ತದಲ್ಲಿರುವ ಪರಾವಲಂಬಿಗಳನ್ನು ಡಿಎನ್‌ಎ ನೋಡಿ ಗುರುತಿಸುವುದು, ಯಾವ ಹಕ್ಕಿಗೆ ಯಾವುದು, ಯಾವ ಬೆಟ್ಟದಲ್ಲಿ ಯಾವುದು ಅಂತ ತಿಳಿಯುವುದು ನಿನ್ನ ಉದ್ದೇಶ. ಒಳ್ಳೆಯ ಕೆಲಸ, ಮಾಡು. ಡಿಎನ್‌ಎ ತೆಗೆಯುವ ಕಿಟ್ಟು ಯಾವ ಕಂಪನಿಯದು, ಪ್ರೈಮರ್ ಯಾವುದು, ಪಿಸಿಆರ್ ಎಷ್ಟು ಸುತ್ತು ಎಂದೆಲ್ಲ ಪುಟಗಟ್ಟಲೆ ಬರೆದಿದ್ದೀಯ. ಹಕ್ಕಿ ಹಿಡಿಯುವುದು ಯಾವ ತಿಂಗಳಲ್ಲಿ, ಆ ಹಕ್ಕಿ ಅದೇ ಬೆಟ್ಟದಲ್ಲಿ ಮೊಟ್ಟೆಯೊಡೆದದ್ದೋ ಚಳಿಗಾಲ ಕಳೆಯಲು ಬಂದದ್ದೋ, ಅದನ್ನು ಕಚ್ಚುವ ಹುಳ ಯಾವುದು, ಆ ಹುಳ ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದಕ್ಕೆಲ್ಲ ಸೇರಿ ಅರ್ಧ ಪುಟ. ನನ್ನ ತಕರಾರು ಆ ಅರ್ಧ ಪುಟದ ಬಗ್ಗೆ. ಯಾರಿದ್ದಾರೆ ಅನ್ನುವುದನ್ನು ನಿನ್ನ ಯಂತ್ರ ಹೇಳುತ್ತದೆ. ಹೇಗೆ ಬದುಕುತ್ತಿದ್ದಾರೆ, ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಪರಿಸರ ಅಧ್ಯಯನ ಅಂತ ಹೆಸರಿಟ್ಟ ಮೇಲೆ ಎರಡನೆಯದೇ ನಿನ್ನ ಪ್ರಶ್ನೆ.

ದೊಡ್ಡಮ್ಮ ಹಳೆಯ ಕಾಲದ ಪ್ರಾಣಿಶಾಸ್ತ್ರದ ಮೇಷ್ಟ್ರು, ಮೈಕ್ರೋಸ್ಕೋಪು ಬಿಟ್ಟರೆ ಬೇರೆ ದೇವರಿಲ್ಲ ಅಂದುಕೊಂಡವಳು ಅಂತ ನಗಬೇಡ. ಮೈಕ್ರೋಸ್ಕೋಪು ಮೋಸ ಹೋದದ್ದನ್ನೇ ಮೊದಲು ಹೇಳುತ್ತೇನೆ. ಮಲೇಷ್ಯಾದ ಸರವಾಕ್ ಪ್ರಾಂತ್ಯದಲ್ಲಿ ಕಾಪಿಟ್ ಅಂತ ಒಂದು ಊರು, ನದಿ ದಂಡೆಯದು, ಸುತ್ತ ಕಾಡು. ಅಲ್ಲಿಯ ಆಸ್ಪತ್ರೆಯಲ್ಲಿ ರಕ್ತದ ಸ್ಲೈಡು ನೋಡಿದವರು ‘ಪ್ಲಾಸ್ಮೋಡಿಯಂ ಮಲೇರಿಯೇ’ ಅಂತ ಬರೆಯುತ್ತಿದ್ದರು. ಅದು ಸೌಮ್ಯ ಜಾತಿ, ರಕ್ತದಲ್ಲಿ ಹೆಚ್ಚಾಗಿ ಬೆಳೆಯುವುದಿಲ್ಲ. ಆದರೆ ಇಲ್ಲಿಯ ರೋಗಿಗಳಲ್ಲಿ ಪರಾವಲಂಬಿ ವಿಪರೀತವಾಗಿ ಹೆಚ್ಚುತ್ತಿತ್ತು. ಬಲಬೀರ್ ಸಿಂಗ್ ಮತ್ತು ಅವರ ಸಂಗಡಿಗರು ಪಿಸಿಆರ್ ಮಾಡಿ, ಅಂದರೆ ಪರಾವಲಂಬಿಯ ಡಿಎನ್‌ಎ ತುಣುಕನ್ನು ಪ್ರತಿ ಮಾಡಿ ಬೆಳೆಸಿ, ನೋಡಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು: 208 ಮಲೇರಿಯಾ ರೋಗಿಗಳಲ್ಲಿ 120 ಮಂದಿಯ ರಕ್ತದಲ್ಲಿದ್ದದ್ದು ಮಂಗಗಳ ಮಲೇರಿಯಾ, ‘ಪ್ಲಾಸ್ಮೋಡಿಯಂ ನೋಲ್ಸಿ’. ‘ಮಲೇರಿಯೇ’ ಒಬ್ಬರಲ್ಲೂ ಇರಲಿಲ್ಲ. ಮೈಕ್ರೋಸ್ಕೋಪಿನಡಿ ಎರಡಕ್ಕೂ ಅವಳಿಗಳ ಹೋಲಿಕೆ. ಬದುಕಿನಲ್ಲಿ ಮಾತ್ರ ಅಜಗಜಾಂತರ: ‘ಮಲೇರಿಯೇ’ 72 ಗಂಟೆಗೊಮ್ಮೆ ರಕ್ತಕಣ ಒಡೆದು ಹೊರಬರುತ್ತದೆ, ‘ನೋಲ್ಸಿ’ 24 ಗಂಟೆಗೇ. ಮನುಷ್ಯನಿಗೆ ನೋಲ್ಸಿ ಅಂಟಬಲ್ಲದು ಅಂತ ಕಲ್ಕತ್ತಾದಲ್ಲಿ ನೋಲ್ಸ್ ಮತ್ತು ದಾಸ್ ಗುಪ್ತ 1932ರಲ್ಲೇ ತೋರಿಸಿದ್ದರು. ಕಾಡಿನಲ್ಲಿ ತಾನಾಗಿ ಅಂಟಿದ ಮೊದಲ ಪ್ರಕರಣ 1965ರಲ್ಲಿ ವರದಿಯಾಗಿತ್ತು. ಆದರೂ ಇದು ಅಪರೂಪದ ಕೌತುಕ ಅಂತಲೇ ಎಲ್ಲರೂ ಪಕ್ಕಕ್ಕಿಟ್ಟಿದ್ದರು. ಮಲೇಷ್ಯಾದಲ್ಲಿ 2018ರಿಂದ ಈಚೆಗೆ ಮನುಷ್ಯರ ಮಲೇರಿಯಾ ಸ್ಥಳೀಯವಾಗಿ ಹರಡಿದ ವರದಿಯಿಲ್ಲ, ಮಂಗಗಳಿಂದ ಬಂದದ್ದು ಮಾತ್ರ ಸಾವಿರಗಟ್ಟಲೆ.

ಇದನ್ನು ಹೇಳಿದ್ದು ಪಿಸಿಆರ್‌ಗೆ ಹಾರ ಹಾಕುವುದಕ್ಕಷ್ಟೇ ಅಲ್ಲ. ಕತೆಯ ಉಳಿದರ್ಧವನ್ನೂ ಕೇಳು. ಹೆಸರು ಗೊತ್ತಾದ ಮೇಲೆ ಶುರುವಾದ ಕೆಲಸವೆಲ್ಲ ಕಾಡಿನಲ್ಲಿ ನಡೆದದ್ದು. ಯಾವ ಮಂಗ? ಉದ್ದಬಾಲದ ಮತ್ತು ಹಂದಿಬಾಲದ ಮಕಾಕ್‌ಗಳು. ಯಾವ ಸೊಳ್ಳೆ? ಊರ ಸೊಳ್ಳೆಯಲ್ಲ, ಕಾಡಿನಲ್ಲಿ, ಕಾಡಂಚಿನ ತೋಟಗಳಲ್ಲಿ ಕಚ್ಚುವ ಅನಾಫಿಲಿಸ್. ಯಾರಿಗೆ? ಕಾಡಿನ ಕೆಲಸಕ್ಕೆ, ತೋಟದ ಕೆಲಸಕ್ಕೆ ಹೋಗುವವರಿಗೆ. ಸೊಳ್ಳೆ ಪರದೆ ಹಂಚಿದರೆ ಈ ರೋಗ ನಿಲ್ಲುವುದಿಲ್ಲ, ಏಕೆಂದರೆ ಕಚ್ಚುವುದು ಮಲಗಿದಾಗ ಅಲ್ಲ. ಇದ್ಯಾವುದನ್ನೂ ಡಿಎನ್‌ಎ ಸೀಕ್ವೆನ್ಸಿನ ಅಕ್ಷರಮಾಲೆಯಿಂದ ಓದಿಕೊಳ್ಳಲು ಆಗುತ್ತಿರಲಿಲ್ಲ. ಹಾಗೇ ಇನ್ನೊಂದು ವಿಷಯ, ಇದನ್ನು ನಿನ್ನ ಲ್ಯಾಬಿನ ಗೋಡೆಗೆ ಅಂಟಿಸಿಕೊ: ನೋಲ್ಸಿ ಗುರುತಿಸಲು ಆ ಮೊದಲ ಕಾಲದಲ್ಲಿ ಬಳಸಿದ ಪ್ರೈಮರ್‌ಗಳು ಕೆಲವೊಮ್ಮೆ ನಮ್ಮ ಸಾಮಾನ್ಯ ‘ವೈವಾಕ್ಸ್’ ಮಲೇರಿಯಾದ ಡಿಎನ್‌ಎಗೂ ಕಚ್ಚಿಕೊಳ್ಳುತ್ತವೆ ಅಂತ 2009ರಲ್ಲಿ ಬೇರೆ ತಂಡವೊಂದು ತೋರಿಸಿತು. ಕಾಪಿಟ್‌ನ ತೀರ್ಮಾನ ಬಿದ್ದುಹೋಗಲಿಲ್ಲ, ಅದಕ್ಕೆ ಸೀಕ್ವೆನ್ಸಿನ ಆಧಾರವೂ ಇತ್ತು. ಆದರೆ ಜೆಲ್‌ನಲ್ಲಿ ಪಟ್ಟಿ ಕಂಡ ಮಾತ್ರಕ್ಕೆ ಇಂಥದ್ದೇ ಜಾತಿ ಅಂತ ಬರೆದವರೆಲ್ಲ ಮತ್ತೆ ನೋಡಿಕೊಳ್ಳಬೇಕಾಯಿತು.

ಡಿಎನ್‌ಎ ನಿಜಕ್ಕೂ ಕಣ್ಣು ಕೊಡುವ ಜಾಗಗಳಿವೆ. ಕುರಿಯ ಹಿಕ್ಕೆಯಲ್ಲಿ ಜಂತುಹುಳದ ಮೊಟ್ಟೆ ನೋಡಿದ್ದೀಯಲ್ಲ, ಸ್ಟ್ರಾಂಗೈಲ್ ಗುಂಪಿನವು ಒಂದರ ಹಾಗೆ ಇನ್ನೊಂದು. ಹೊಟ್ಟೆಯೊಳಗೆ ಕೂತು ರಕ್ತ ಕುಡಿದು ಕುರಿಯನ್ನು ಬಿಳಿಚಿಸಿ ಕೊಲ್ಲುವ ‘ಹೀಮಾಂಕಸ್’ ಯಾವುದು, ಅಷ್ಟೇನೂ ಅಪಾಯವಿಲ್ಲದ್ದು ಯಾವುದು ಅಂತ ಮೊಟ್ಟೆ ನೋಡಿ ಹೇಳಲಾಗುವುದಿಲ್ಲ. ಹಿಕ್ಕೆಯನ್ನು ವಾರದಷ್ಟು ಕಾಲ ಇಟ್ಟು ಮರಿಹುಳ ಬರಿಸಿ, ಅದರ ಬಾಲ ಅಳೆದು ಹೇಳುತ್ತಿದ್ದೆವು. ಈಗ ಐಟಿಎಸ್-2 ಎಂಬ ತುಣುಕನ್ನು ಓದಿದರೆ ಯಾವ ಹುಳ ಎಷ್ಟು ಪಾಲು ಎಂಬುದರ ಅಂದಾಜು ಒಟ್ಟಿಗೇ ಸಿಗುತ್ತದೆ, ಬೀಟಾ ಟ್ಯೂಬ್ಯುಲಿನ್ ಜೀನಿನ 200ನೆಯ ಕೋಡಾನ್‌ನಂಥ ಜಾಗಗಳನ್ನು ನೋಡಿದರೆ ಆಲ್ಬೆಂಡಜೋಲ್‌ನಂಥ ಜಂತುಹುಳದ ಔಷಧಿಗೆ ಅದು ಬಗ್ಗುತ್ತದೋ ಇಲ್ಲವೋ ಎಂಬುದೂ. ಕುರಿಗಾರನ ದುಡ್ಡು ಉಳಿಸುವ ವಿದ್ಯೆ ಇದು. ಯಾರು ಬೇಡ ಅಂದಾರು?

ಇನ್ನು ನಿನ್ನ ಹಕ್ಕಿಗಳಿಗೆ ಬರೋಣ. ಹಕ್ಕಿಯ ರಕ್ತದಲ್ಲಿ ನಿನಗೆ ಸಿಗುವುದು ಮುಖ್ಯವಾಗಿ ಮೂರು ಕುಲ: ಪ್ಲಾಸ್ಮೋಡಿಯಂ, ಹೀಮೋಪ್ರೋಟಿಯಸ್, ಲ್ಯೂಕೋಸೈಟೋಜೂನ್. ಮೊದಲನೆಯದನ್ನು ಸಾಗಿಸುವುದು ಸೊಳ್ಳೆ. ಎರಡನೆಯದನ್ನು ಕ್ಯುಲಿಕಾಯ್ಡಿಸ್ ಎಂಬ ನೊರಜು, ಪಾರಿವಾಳದಂಥವುಗಳಲ್ಲಿ ಗರಿಯೊಳಗೆ ಓಡಾಡುವ ಚಪ್ಪಟೆ ನೊಣ. ಮೂರನೆಯದನ್ನು ಹರಿಯುವ ನೀರಿನಲ್ಲಿ ಬೆಳೆಯುವ ಕಪ್ಪು ನೊಣ. ಮೂರಕ್ಕೂ ಬೇರೆ ಬೇರೆ ಹುಳ ಎಂದರೆ ಮೂರಕ್ಕೂ ಬೇರೆ ಬೇರೆ ಕಾಡು ಅಂತಲೇ ಲೆಕ್ಕ. ನಿಂತ ನೀರು, ಕೊಳೆತ ಎಲೆಯ ತೇವ, ಹರಿಯುವ ಹಳ್ಳ. ನೀನು ಮಾಡುವ ಪಿಸಿಆರ್ 2004ರಿಂದ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವುದು. ಮೈಟೋಕಾಂಡ್ರಿಯದ ಸೈಟೋಕ್ರೋಮ್ ಬಿ ಜೀನಿನಲ್ಲಿ ಸುಮಾರು 480 ಅಕ್ಷರಗಳ ತುಣುಕು. ಅದನ್ನು ಮ್ಯಾಲ್‌ಏವಿ ಎಂಬ ಭಂಡಾರದಲ್ಲಿರುವ ಸಾವಿರಾರು ತುಣುಕುಗಳ ಜೊತೆ ಹೋಲಿಸುತ್ತೀಯ, ಒಂದಕ್ಷರ ಬೇರೆಯಿದ್ದರೂ ಹೊಸ ತಳಿ ಅಂತ ಹೆಸರಿಡುತ್ತೀಯ. ಒಂದಕ್ಷರದ ವ್ಯತ್ಯಾಸ ಕೆಲವು ಕಡೆ ನಿಜವಾಗಿಯೂ ಎರಡು ಜಾತಿ, ಕೆಲವು ಕಡೆ ಒಂದೇ ಜಾತಿಯ ಅಣ್ಣ ತಮ್ಮ. ಆ 480 ಅಕ್ಷರಗಳಿಗೆ ಅದನ್ನು ತೀರ್ಮಾನಿಸುವ ಶಕ್ತಿಯಿಲ್ಲ. ಹೆಸರಿಡುವ ಉತ್ಸಾಹದಲ್ಲಿ ಪ್ರಬಂಧದ ತುಂಬ ಹೊಸ ಜಾತಿಗಳನ್ನು ಹುಟ್ಟಿಸಬೇಡ.

ಲಿಥುವೇನಿಯಾದ ಗೆಡಿಮಿನಾಸ್ ವಾಲ್ಕಿಯೂನಾಸ್ ಅವರ ದಪ್ಪ ಪುಸ್ತಕ ನಿನ್ನ ಮೇಜಿನ ಮೇಲೆ ಇರಲಿ. 2005ರದು. ಡಿಎನ್‌ಎ ಬಂದ ಮೇಲೂ ಸ್ಲೈಡು ಬಿಡಬೇಡಿ ಅಂತ ಹಟ ಹಿಡಿದ ಮನುಷ್ಯ, ಹಟಕ್ಕೆ ಕಾರಣವಿದೆ. ಒಂದು ಹಕ್ಕಿಯಲ್ಲಿ ಎರಡು ಮೂರು ಪರಾವಲಂಬಿ ಒಟ್ಟಿಗೇ ಇರುವುದು ಸಾಮಾನ್ಯ. ಪಿಸಿಆರ್ ಆಗ ಯಾವುದರ ಡಿಎನ್‌ಎ ಹೆಚ್ಚಿದೆಯೋ, ಯಾವುದಕ್ಕೆ ಪ್ರೈಮರ್ ಚೆನ್ನಾಗಿ ಕೂಡುತ್ತದೋ ಅದನ್ನೇ ಬೆಳೆಸಿ ಉಳಿದದ್ದನ್ನು ಮುಚ್ಚಿಹಾಕುತ್ತದೆ. ಸೀಕ್ವೆನ್ಸಿನ ಚಿತ್ರದಲ್ಲಿ ಒಂದೇ ಜಾಗದಲ್ಲಿ ಎರಡು ಶಿಖರ ಕಂಡರೆ ‘ಗಲೀಜು’ ಅಂತ ಬಿಸಾಡುವವರಿದ್ದಾರೆ. ಅದು ಗಲೀಜಲ್ಲ, ಆ ಹಕ್ಕಿಯೊಳಗಿನ ಸಂಸಾರ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸೊಳ್ಳೆಯೋ ನೊರಜೋ ಕಚ್ಚಿ ಪರಾವಲಂಬಿಯನ್ನು ಒಳಗೆ ಬಿಟ್ಟಿತು, ಅದು ಆ ಹಕ್ಕಿಗೆ ಒಗ್ಗಲಿಲ್ಲ, ಅರ್ಧ ಬೆಳೆದು ಸತ್ತಿತು ಎಂದುಕೊ. ಅದರ ಡಿಎನ್‌ಎ ನಿನ್ನ ಟ್ಯೂಬಿನಲ್ಲಿ ಪಾಸಿಟಿವ್ ಅಂತಲೇ ಬರುತ್ತದೆ. ನೀನು ‘ಈ ಹಕ್ಕಿಯೂ ಆತಿಥೇಯ’ ಅಂತ ಪಟ್ಟಿಗೆ ಸೇರಿಸುತ್ತೀಯ. ಆದರೆ ಮುಂದಿನ ಹುಳಕ್ಕೆ ದಾಟುವ ಗ್ಯಾಮಿಟೋಸೈಟು ಆ ಹಕ್ಕಿಯ ರಕ್ತದಲ್ಲಿ ಹುಟ್ಟಲೇ ಇಲ್ಲ. ಪರಾವಲಂಬಿಯ ಪಾಲಿಗೆ ಅದು ಮನೆಯಲ್ಲ, ಮಸಣ. ಗ್ಯಾಮಿಟೋಸೈಟು ಇದೆಯೋ ಇಲ್ಲವೋ ನೋಡಲು ಒಂದು ತೆಳುವಾದ ರಕ್ತದ ಸ್ಲೈಡು ಸಾಕು. ರಕ್ತ ತೆಗೆದ ಆ ಕ್ಷಣದಲ್ಲೇ, ಬಲೆಯ ಪಕ್ಕದಲ್ಲೇ ಮಾಡಬೇಕಾದ ಕೆಲಸ, ಲ್ಯಾಬಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಹುಳಗಳ ವಿಷಯದಲ್ಲಂತೂ ಈ ಗೊಂದಲ ಇನ್ನೂ ಹೆಚ್ಚು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಿನ್ನ ಪ್ರಸ್ತಾವದಲ್ಲಿ ‘ಸೊಳ್ಳೆಗಳನ್ನು ಹಿಡಿದು ಪಿಸಿಆರ್ ಮಾಡಿ ವಾಹಕಗಳನ್ನು ಗುರುತಿಸಲಾಗುವುದು’ ಅಂತ ಒಂದು ವಾಕ್ಯವಿದೆ. ಅದನ್ನು ಹೊಡೆದುಹಾಕು. ಪರಾವಲಂಬಿಯಿರುವ ಹಕ್ಕಿಯ ರಕ್ತ ಕುಡಿದ ಯಾವ ಸೊಳ್ಳೆಯನ್ನು ಅರೆದರೂ ಡಿಎನ್‌ಎ ಸಿಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಆ ಊರಿನವರಲ್ಲ. ನೊರಜಿನಿಂದ ಹರಡುವ ಹೀಮೋಪ್ರೋಟಿಯಸ್‌ನ ಡಿಎನ್‌ಎ ಸೊಳ್ಳೆಗಳಲ್ಲೂ ಸಿಕ್ಕಿದೆ. ಸೊಳ್ಳೆ ಅದನ್ನು ಸಾಗಿಸುತ್ತದೆ ಅಂತ ಅಲ್ಲ, ಊಟದ ಜೊತೆ ಒಳಗೆ ಹೋಗಿದೆ ಅಷ್ಟೆ.

ಹಾಗಾದರೆ ವಾಹಕ ಅಂತ ಸಾಬೀತು ಮಾಡುವುದು ಹೇಗೆ? ರೊನಾಲ್ಡ್ ರಾಸ್ 1898ರಲ್ಲಿ ಕಲ್ಕತ್ತಾದಲ್ಲಿ ಮಾಡಿ ತೋರಿಸಿದ್ದಾರೆ, ಅದೂ ನಿನ್ನ ಹಕ್ಕಿ ಮಲೇರಿಯಾದಲ್ಲೇ. ಹಿಂದಿನ ವರ್ಷ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯನ್ನು ಕಂಡಿದ್ದರು. ಕಲ್ಕತ್ತಾದಲ್ಲಿ ಮನುಷ್ಯ ರೋಗಿಗಳು ಸಿಗದೆ ಗುಬ್ಬಿಗಳತ್ತ ತಿರುಗಿದರು. ಸೋಂಕಿರುವ ಹಕ್ಕಿಯ ರಕ್ತ ಕುಡಿಸಿದ ಸೊಳ್ಳೆಗಳನ್ನು ದಿನದಿನವೂ ಸೀಳಿ ನೋಡುತ್ತ ಹೋದರು. ಹೊಟ್ಟೆಯ ಗೋಡೆಯಲ್ಲಿ ಗಂಟು ಕಟ್ಟುವುದು, ಗಂಟು ಒಡೆಯುವುದು, ಅದರೊಳಗಿಂದ ಬಂದ ದಾರದಂಥ ಸ್ಪೋರೋಜೋಯಿಟುಗಳು ಜೊಲ್ಲುಗ್ರಂಥಿಗೆ ಹೋಗಿ ಸೇರುವುದು, ಎಲ್ಲವನ್ನೂ ಕಂಡರು. ಕೊನೆಗೆ ಅದೇ ಸೊಳ್ಳೆಗಳಿಂದ ಆರೋಗ್ಯವಾಗಿದ್ದ ಗುಬ್ಬಿಗಳನ್ನು ಕಚ್ಚಿಸಿ ಅವಕ್ಕೂ ಸೋಂಕು ಬಂದದ್ದನ್ನು ತೋರಿಸಿದರು. ಹಕ್ಕಿಯಿಂದ ಸೊಳ್ಳೆ, ಸೊಳ್ಳೆಯಿಂದ ಹಕ್ಕಿ, ಸುತ್ತು ಪೂರ್ತಿ. ನೀನು ಅಷ್ಟೆಲ್ಲ ಮಾಡಬೇಕೆಂದಿಲ್ಲ. ಕನಿಷ್ಠ ಹುಳದ ತಲೆ ಮತ್ತು ಎದೆಯನ್ನು ಹೊಟ್ಟೆಯಿಂದ ಬೇರೆ ಮಾಡಿ ಬೇರೆ ಬೇರೆ ಟ್ಯೂಬಿಗೆ ಹಾಕು. ಹೊಟ್ಟೆ ಪಾಸಿಟಿವ್ ಬಂದರೆ ಊಟ ಇರಬಹುದು. ಎದೆ ಪಾಸಿಟಿವ್ ಬಂದರೆ ಸಂಶಯಕ್ಕೆ ಸ್ವಲ್ಪ ಬಲ ಬಂತು. ಕೆಲವು ಹುಳಗಳ ಜೊಲ್ಲುಗ್ರಂಥಿ ಸೀಳಿ ಸ್ಪೋರೋಜೋಯಿಟನ್ನು ಕಣ್ಣಾರೆ ಕಂಡರೆ ಆಮೇಲೆ ‘ವಾಹಕ’ ಅನ್ನು. ನೊರಜಿನ ಜೊಲ್ಲುಗ್ರಂಥಿ ಸೀಳುವುದು ಕಣ್ಣಿಗೂ ಕೈಗೂ ಶಿಕ್ಷೆ, ಗೊತ್ತು. ಕಲಿಯಲೇಬೇಕು.

ರಾಸ್ ಗುಬ್ಬಿಗಳಿಗೆ ಬಳಸಿದ್ದು ಕ್ಯೂಲೆಕ್ಸ್, ನಮ್ಮ ಚರಂಡಿಗಳಲ್ಲಿ ಬೆಳೆಯುವ ಮಾಮೂಲಿ ಸೊಳ್ಳೆ. ಅದೇ ಕ್ಯೂಲೆಕ್ಸ್ 1826ರಲ್ಲಿ ಹಡಗಿನ ನೀರಿನ ಜೊತೆ ಹವಾಯಿ ದ್ವೀಪಗಳಿಗೆ ಹೋಯಿತು. ಆಮೇಲೆ ಹಕ್ಕಿ ಮಲೇರಿಯಾ ಕೂಡ ಬಂತು. ಅಲ್ಲಿಯ ಹನಿಕ್ರೀಪರ್ ಹಕ್ಕಿಗಳು ಇಂಥ ರೋಗವನ್ನೇ ಕಾಣದೆ ವಿಕಾಸಗೊಂಡಿದ್ದವು. ತಗ್ಗಿನ ಕಾಡುಗಳಿಂದ ಅವು ಬಹುಪಾಲು ಅಳಿಸಿಹೋದವು, ಹೆಚ್ಚಾಗಿ ತಣ್ಣಗಿನ ಎತ್ತರದಲ್ಲೇ ಉಳಿದುಕೊಂಡವು. ಎತ್ತರದಲ್ಲಿ ಯಾಕೆ ಉಳಿದವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸೋಂಕಿತ ಸೊಳ್ಳೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಸಾಕಿ ನೋಡಿದಾಗ: ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಡಿಎನ್‌ಎ ಕೆಲಸ ಅಲ್ಲಿ ಬೇರೆ ಸಂಗತಿ ಹೇಳಿತು. ಆ ದ್ವೀಪಗಳಲ್ಲೆಲ್ಲ ಹರಡಿರುವ ಹಕ್ಕಿ ಮಲೇರಿಯಾ ಮೈಟೋಕಾಂಡ್ರಿಯದ ಲೆಕ್ಕದಲ್ಲಿ ಒಂದೇ ತಳಿ. ಎರಡೂ ಬೇಕಾಯಿತು, ನೋಡು. ಹವಾಯಿಯಲ್ಲೇ ಗೊತ್ತಾದ ಇನ್ನೊಂದು ಸಂಗತಿ: ಒಮ್ಮೆ ಕಾಯಿಲೆ ಬಿದ್ದು ಚೇತರಿಸಿಕೊಂಡ ಹಕ್ಕಿಯಲ್ಲಿ ಪರಾವಲಂಬಿ ಜೀವಮಾನವಿಡೀ ಅತಿ ಕಡಿಮೆ ಸಂಖ್ಯೆಯಲ್ಲಿ ಉಳಿಯುತ್ತದೆ. ಸ್ಲೈಡಿನಲ್ಲಿ ಕಾಣುವುದಿಲ್ಲ, ಕೆಲವೊಮ್ಮೆ ಪಿಸಿಆರ್‌ಗೂ ಸಿಗುವುದಿಲ್ಲ, ರಕ್ತದಲ್ಲಿರುವ ಪ್ರತಿಕಾಯ ನೋಡಿದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಹಾಗಾಗಿ ನಿನ್ನ ‘ನೆಗೆಟಿವ್’ ಹಕ್ಕಿಗಳ ಮೇಲೆ ಬಹಳ ಭಾರದ ತೀರ್ಮಾನ ಹೊರಿಸಬೇಡ.

ಈಗ ನಿನ್ನ ಶೋಲಾ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯ ಕಾಡುಗಳು ಒಂದಕ್ಕೊಂದು ತಾಗದ ದ್ವೀಪಗಳ ಹಾಗಿವೆ, ನಡುವೆ ಪಾಲಕ್ಕಾಡ್‌ನಂಥ ಕಣಿವೆಗಳು. ಶೋಲಾಕಿಲಿ ಹಕ್ಕಿಗಳು ಕಣಿವೆಯ ಉತ್ತರಕ್ಕೆ ಒಂದು ಜಾತಿ, ದಕ್ಷಿಣಕ್ಕೆ ಇನ್ನೊಂದು. ಇವು ಹಿಮಾಲಯದ ಯಾವ ಕುಲಕ್ಕೂ ಸೇರಿದವಲ್ಲ, ಇಲ್ಲಿಯದೇ ಪ್ರತ್ಯೇಕ ಕುಲ ಅಂತ 2017ರಲ್ಲಿ ವಿ.ವಿ. ರಾಬಿನ್ ಮತ್ತವರ ಸಂಗಡಿಗರು ಡಿಎನ್‌ಎ ಆಧಾರದಿಂದಲೇ ತೋರಿಸಿದರು. ಉಮಾ ರಾಮಕೃಷ್ಣನ್, ರಾಬಿನ್, ಪೂಜಾ ಗುಪ್ತಾ ಮೊದಲಾದವರು ಈ ಬೆಟ್ಟಗಳ ಹಕ್ಕಿಗಳ ರಕ್ತ ಪರಾವಲಂಬಿಗಳನ್ನೂ ನೋಡಿದ್ದಾರೆ, 2019ರಲ್ಲಿ ಪ್ರಕಟವಾಗಿದೆ. ಬೆಟ್ಟಗಳ ನಡುವಿನ ಅಂತರ, ಹಕ್ಕಿ ಜಾತಿಗಳ ನಡುವಿನ ಅಂತರ ಇವೆರಡೂ ಎಲ್ಲ ಪರಾವಲಂಬಿಗಳಿಗೆ ಒಂದೇ ರೀತಿಯ ಬೇಲಿಗಳಲ್ಲ, ಯಾವ ಹಕ್ಕಿಯಾದರೂ ಆದೀತು ಎನ್ನುವವಕ್ಕೆ ಒಂದು ಥರ, ಇಂಥದ್ದೇ ಬೇಕು ಎನ್ನುವವಕ್ಕೆ ಇನ್ನೊಂದು ಥರ ಎನ್ನುವುದು ಅದರ ತಿರುಳು. ಅದನ್ನು ಮೊದಲು ಓದು, ಅದನ್ನೇ ಮತ್ತೆ ಮಾಡಬೇಡ.

ಅಲ್ಲಿಂದ ಮುಂದಿನ ಪ್ರಶ್ನೆ ನನ್ನನ್ನು ಕೇಳಿದರೆ ಇದು: ಆ ಹಕ್ಕಿಗೆ ಸೋಂಕು ತಗುಲಿದ್ದು ಎಲ್ಲಿ? ಚಳಿಗಾಲದಲ್ಲಿ ನಿನ್ನ ಬಲೆಗೆ ಬೀಳುವ ಉಲಿಯಕ್ಕಿಗಳಲ್ಲಿ ಹಲವು ಹಿಮಾಲಯದಿಂದ, ಅದರಾಚೆಯಿಂದ ಬಂದವು. ಅವುಗಳ ರಕ್ತದಲ್ಲಿ ಸಿಕ್ಕಿದ್ದನ್ನು ‘ಶೋಲಾದ ಪರಾವಲಂಬಿ’ ಅಂತ ಬರೆದರೆ ನಗೆಪಾಟಲು. ಸ್ಥಳೀಯವಾಗಿ ಹರಡುತ್ತಿದೆ ಎನ್ನಲು ಸಾಕ್ಷಿ ಬೇಕಾದರೆ ಗೂಡು ಬಿಟ್ಟು ಹೊಸದಾಗಿ ಹಾರಲು ಕಲಿತ ಮರಿಗಳಲ್ಲಿ, ಬೆಟ್ಟ ಬಿಟ್ಟು ಇಳಿಯದ ಜಾತಿಗಳಲ್ಲಿ ನೋಡು. ಆ ಮರಿ ಬೇರೆಲ್ಲೂ ಹೋಗಿಲ್ಲ. ಅಂದರೆ ನೀನು ಮರಿಗಳ ಕಾಲದಲ್ಲಿ, ಮಳೆಗೆ ಮುಂಚಿನ ದಿನಗಳಲ್ಲೂ ಬೆಟ್ಟದಲ್ಲಿರಬೇಕು. ಬರೀ ಡಿಸೆಂಬರಿನ ಹಿತವಾದ ಬಿಸಿಲಿನಲ್ಲಿ ಹೋಗಿ ಬರುವುದಲ್ಲ. ಉಷ್ಣತೆ ಬರೆದುಕೊಳ್ಳುವ ಚಿಕ್ಕ ಲಾಗರ್‌ಗಳನ್ನು ಕಾಡಿನ ನೆರಳಿನಲ್ಲಿ ವರ್ಷವಿಡೀ ಕಟ್ಟಿಡು. ನಿನ್ನ ಸೀಕ್ವೆನ್ಸಿಂಗ್ ಖರ್ಚಿನ ಮುಂದೆ ಅದು ಪುಡಿಗಾಸು.

ಇಲ್ಲ ಅನ್ನುವ ಮಾತನ್ನು ನಿಧಾನವಾಗಿ ಆಡು ಅಂದೆನಲ್ಲ, ಅದಕ್ಕೆ ಆಫ್ರಿಕಾದ ವಾನರಗಳ ಉದಾಹರಣೆ ಹೇಳಿಬಿಡುತ್ತೇನೆ. ಮನುಷ್ಯನ ಮಾರಕ ಮಲೇರಿಯಾ ‘ಫಾಲ್ಸಿಪಾರಂ’ ಎಲ್ಲಿಂದ ಬಂತು ಎಂಬ ಜಗಳ ಬಹಳ ವರ್ಷ ನಡೆಯಿತು. ಸಾಕಿದ ಚಿಂಪಾಂಜಿಗಳ ಕೆಲವೇ ಮಾದರಿಗಳ ಮೇಲೆ ದೊಡ್ಡ ದೊಡ್ಡ ತೀರ್ಮಾನ ಕಟ್ಟಿದ್ದರು. ಮನುಷ್ಯರ ನಡುವೆ ಬೆಳೆದ ವಾನರಕ್ಕೆ ಮನುಷ್ಯನ ಮಲೇರಿಯಾ ತಗುಲಿರಬಹುದಲ್ಲ ಎಂಬ ಅನುಮಾನ ಬಗೆಹರಿದಿರಲಿಲ್ಲ. ಬಿಯಾಟ್ರಿಸ್ ಹಾನ್ ಅವರ ತಂಡ ಕಾಡಿನಲ್ಲಿ ಬಿದ್ದಿದ್ದ ವಾನರಗಳ ಮಲವನ್ನೇ ಹಿಡಿಯಿತು. ಒಂದು ಪ್ರಾಣಿಯನ್ನೂ ಮುಟ್ಟದೆ, ಮಧ್ಯ ಆಫ್ರಿಕಾದಾದ್ಯಂತ ಸುಮಾರು 3,000 ಮಾದರಿ. ಬೆರಕೆ ಸೋಂಕಿನಲ್ಲಿ ಪಿಸಿಆರ್ ಎರಡು ತಳಿಗಳ ತುಂಡು ಸೇರಿಸಿ ಇಲ್ಲದ ಮೂರನೆಯದನ್ನು ಹೆಣೆದುಬಿಡುತ್ತದೆ ಎಂಬ ಭಯದಿಂದ ಪ್ರತಿ ಟ್ಯೂಬಿನಲ್ಲೂ ಒಂದೇ ಜೀನೋಮಿನ ಪ್ರತಿ ಇರುವಷ್ಟು ತೆಳುಮಾಡಿ ಬೆಳೆಸಿದರು. 2010ರಲ್ಲಿ ಹೇಳಿದರು: ಮನುಷ್ಯನ ಫಾಲ್ಸಿಪಾರಂನ ಮೂಲ ಗೊರಿಲ್ಲಾ. ಅದೇ ಅಧ್ಯಯನದಲ್ಲಿ ಚಿಂಪಾಂಜಿಗಳಲ್ಲಿ, ಪಶ್ಚಿಮದ ಗೊರಿಲ್ಲಾಗಳಲ್ಲಿ ಪರಾವಲಂಬಿ ಸಿಕ್ಕಿತು. ಬೊನೊಬೊಗಳಲ್ಲಿ ಸಿಗಲಿಲ್ಲ. ಬೊನೊಬೊಗೆ ಮಲೇರಿಯಾ ಇಲ್ಲವೇನೋ ಅಂತ ಕೂತರೆ, ಅದೇ ತಂಡ ಹುಡುಕಾಟ ಬಿಡದೆ ಕಾಂಗೋದ ಇನ್ನೊಂದು ಕಾಡಿನಲ್ಲಿ ನೋಡಿ 2017ರಲ್ಲಿ ಅಲ್ಲಿಯ ಬೊನೊಬೊಗಳಲ್ಲೂ ಇದೆ, ಅದೂ ಅಲ್ಲಿಯದೇ ಒಂದು ಹೊಸ ಜಾತಿ ಅಂತ ಪ್ರಕಟಿಸಿತು. ಜಾಗ ಬದಲಾದರೆ ಉತ್ತರ ಬದಲಾಗುತ್ತದೆ.

ಒಂದೇ ಜೀನು ನೋಡಿ ನಂಬಬೇಡ ಅನ್ನುವುದಕ್ಕೆ ಫ್ರಾನ್ಸಿನ ಕಾರ್ಸಿಕಾ ದ್ವೀಪ ಸಾಕ್ಷಿ. ಅಲ್ಲಿಯ ಕಾವು ನದಿಯಲ್ಲಿ ಈಜಿದವರ ಮೂತ್ರದಲ್ಲಿ ರಕ್ತ ಕಾಣಿಸಿತು. 2014ರಲ್ಲಿ ಗೊತ್ತಾಯಿತು, ಅದು ಆಫ್ರಿಕಾದ ಶಿಸ್ಟೋಸೋಮಾ. ಬಸವನಹುಳದೊಳಗೆ ಬೆಳೆದು ನೀರಿಗಿಳಿದವರ ಚರ್ಮ ಕೊರೆದು ಒಳಹೊಗುವ ಹುಳ. ಮೈಟೋಕಾಂಡ್ರಿಯದ ಜೀನು ನೋಡಿದರೆ ಕೆಲವು ಹುಳಗಳು ದನದ ಜಾತಿಯವು, ಕೋಶಕೇಂದ್ರದ ಜೀನು ನೋಡಿದರೆ ಮನುಷ್ಯರ ಜಾತಿಯವು. ಎರಡರ ಬೆರಕೆ ಅದು. ಮೈಟೋಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ, ಅದೊಂದನ್ನೇ ಓದಿದವರಿಗೆ ತಂದೆಯ ಮನೆತನ ಕಾಣುವುದೇ ಇಲ್ಲ. ನಿನ್ನ ಸೈಟೋಕ್ರೋಮ್ ಬಿ ಕೂಡ ಮೈಟೋಕಾಂಡ್ರಿಯದ್ದೇ ಅನ್ನುವುದು ನೆನಪಿರಲಿ.

ಮಂಗನ ಕಾಯಿಲೆಯ ವಿಷಯ ಹೇಳದಿದ್ದರೆ ಮಲೆನಾಡಿನ ದೊಡ್ಡಮ್ಮ ಹೇಗಾದೇನು? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ವೈರಸ್ಸು, ಅದನ್ನು ಹೊತ್ತು ತಿರುಗುವುದು ಉಣುಗು. ಆಗ ಪಿಸಿಆರ್ ಎಲ್ಲಿತ್ತು? ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದರು. ಮರಿ ಉಣುಗು ಇಲಿ, ಹಕ್ಕಿಗಳಂಥ ಚಿಕ್ಕ ಜೀವಿಗಳ ಮೇಲೆ, ನಡುಪ್ರಾಯದ್ದು ಮಂಗ ಮನುಷ್ಯರ ಮೇಲೆ, ಬಲಿತದ್ದು ದನದಂಥ ದೊಡ್ಡ ಪ್ರಾಣಿಗಳ ಮೇಲೆ ಎಂಬ ಲೆಕ್ಕ ಹಾಗೆ ತಿಳಿದದ್ದು. ಹೋರ್ಹೆ ಬೋಶೆಲ್ ಎಂಬ ಕೊಲಂಬಿಯಾದ ವೈದ್ಯರು ಈ ಕಾಡುಗಳಲ್ಲಿ ಓಡಾಡಿ, ಕಾಡು ಕಡಿದು ದನ ನುಗ್ಗಿಸಿದ ಅಂಚುಗಳಲ್ಲಿ ಉಣುಗು ಹೆಚ್ಚುವುದಕ್ಕೂ ರೋಗಕ್ಕೂ ಇರುವ ನಂಟನ್ನು 1969ರಲ್ಲಿ ಬರೆದರು. ಇವತ್ತಿಗೂ ಓದಬೇಕಾದ ಬರಹ. ಈಗಿನವರು ಉಣುಗಿನ ಹೊಟ್ಟೆಯ ರಕ್ತದ ಡಿಎನ್‌ಎಯಿಂದ ಅದು ಯಾರನ್ನು ಕಚ್ಚಿತ್ತು ಅಂತ ಹೇಳಲು ಹೊರಡುತ್ತಾರೆ. ಆಸೆ ಸರಿ. ಆದರೆ ಉಣುಗು ಒಂದೊಂದು ಹಂತದಲ್ಲಿ ಒಂದೇ ಊಟ ಮಾಡಿ ಕೆಳಗೆ ಬಿದ್ದು ಪೊರೆ ಬಿಡುತ್ತದೆ. ಮುಂದಿನ ಹಂತದಲ್ಲಿ ನಿನ್ನ ಬಟ್ಟೆಗೆ ಹತ್ತುವಾಗ ಆ ಊಟ ಎಷ್ಟೋ ಹಿಂದಿನದು, ಅರೆದು ಜೀರ್ಣವಾದದ್ದು. ಉಳಿದ ಚೂರುಪಾರನ್ನು ಬೆಳೆಸಲು ಹೋದರೆ ಉಣುಗು ಹಿಡಿದವನ ಬೆರಳಿನ ಡಿಎನ್‌ಎಯೇ ಮುಂದೆ ಬಂದು ಕೂರುತ್ತದೆ. ‘ಮನುಷ್ಯನನ್ನು ಕಚ್ಚಿತ್ತು’ ಅಂತ ಫಲಿತಾಂಶ ಬಂದಾಗೆಲ್ಲ ಮೊದಲು ನಿನ್ನ ಕೈಗವಸು ನೋಡಿಕೊ.

ಇನ್ನು ಕೆಲವು ಚಿಲ್ಲರೆ ಮಾತು. ದುಡ್ಡು ಉಳಿಸಲು ಹತ್ತು ಹಕ್ಕಿಯ ರಕ್ತ ಒಟ್ಟು ಮಾಡಿ ಒಂದು ಪಿಸಿಆರ್ ಮಾಡೋಣ ಅಂತ ಯಾರಾದರೂ ಸಲಹೆ ಕೊಟ್ಟಾರು, ಒಪ್ಪಬೇಡ. ಪರಾವಲಂಬಿಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಪ್ರಾಣಿಗಳಲ್ಲಿ ಏನೂ ಇಲ್ಲ ಅಥವಾ ಅಲ್ಪಸ್ವಲ್ಪ, ಕೆಲವೇ ಪ್ರಾಣಿಗಳ ಮೈತುಂಬ. ಆ ಕೆಲವೇ ಪ್ರಾಣಿಗಳಿಂದಲೇ ಹರಡುವಿಕೆಯ ಹೆಚ್ಚಿನ ಪಾಲು. ಒಟ್ಟು ಮಾಡಿದೆಯೋ, ಹುಡುಕಲು ಹೋದದ್ದನ್ನೇ ಕಲಸಿ ಕಳೆದುಕೊಂಡಂತೆ. ಹಾಗೇ, ತೀರಾ ಕಾಯಿಲೆ ಬಿದ್ದ ಹಕ್ಕಿ ಹಾರುವುದಿಲ್ಲ, ಹಾರದ ಹಕ್ಕಿ ನಿನ್ನ ಬಲೆಗೆ ಬೀಳುವುದಿಲ್ಲ. ಬಲೆಗೆ ಬಿದ್ದದ್ದು ಬದುಕುಳಿದವರ ಲೆಕ್ಕ. ಕ್ವಾಂಟಿಟೇಟಿವ್ ಪಿಸಿಆರ್ ಕೊಡುವ ಸಂಖ್ಯೆಯನ್ನು ಪರಾವಲಂಬಿಗಳ ತಲೆಯೆಣಿಕೆ ಅಂದುಕೊಳ್ಳಬೇಡ, ಒಂದೊಂದು ಜೀವಿಯಲ್ಲಿ ಆ ಜೀನಿನ ಪ್ರತಿಗಳು ಎಷ್ಟೆಷ್ಟೋ ಇರುತ್ತವೆ. ಪ್ರತಿ ಸಲವೂ ರಕ್ತವಿಲ್ಲದ ಖಾಲಿ ಟ್ಯೂಬೊಂದನ್ನು ಡಿಎನ್‌ಎ ತೆಗೆಯುವ ಹಂತದಿಂದಲೇ ಜೊತೆಗೆ ಓಡಿಸು, ಪಿಸಿಆರ್ ಹಂತದಲ್ಲಿ ಮಾತ್ರ ಅಲ್ಲ. ನೆಸ್ಟೆಡ್ ಪಿಸಿಆರ್‌ನಲ್ಲಿ ಮೊದಲ ಸುತ್ತಿನ ಟ್ಯೂಬು ತೆರೆಯುವ ಕೋಣೆ ಬೇರೆ, ರಕ್ತ ಇಡುವ ಕೋಣೆ ಬೇರೆ ಇರಲಿ. ಗಾಳಿಯಲ್ಲಿ ಹಾರಿದ ಒಂದು ಹನಿ ಸಾಕು, ಕಾಡಿನ ಹಕ್ಕಿಗಳೆಲ್ಲ ಒಂದೇ ದಿನ ಕಾಯಿಲೆ ಬೀಳುತ್ತವೆ.

ಜೀನ್‌ಬ್ಯಾಂಕ್ ಎಂಬ ಡಿಎನ್‌ಎ ಭಂಡಾರದಲ್ಲಿ ಹತ್ತಿರದ ಹೋಲಿಕೆ 92 ಶೇಕಡ ಬಂದರೆ ಅದು ಆ ಜಾತಿ ಅಂತಲ್ಲ, ಅದರ ನೆಂಟ ಯಾರೋ ಅಂತ. ಅಲ್ಲಿರುವ ಹೆಸರುಗಳಲ್ಲೂ ತಪ್ಪಿವೆ, ಹೆಸರಿಟ್ಟವರು ಸ್ಲೈಡು ನೋಡಿದ್ದಾರೋ ಇಲ್ಲವೋ ಅಂತ ಮೂಲ ಲೇಖನಕ್ಕೆ ಹೋಗಿ ನೋಡು. ನಿನ್ನ ಸ್ಲೈಡುಗಳನ್ನು ಯಾವುದಾದರೂ ಸಂಗ್ರಹಾಲಯಕ್ಕೆ ಸಂಖ್ಯೆ ಹಾಕಿಸಿ ಕೊಡು. ಇವತ್ತು ನಿನಗೆ ಕಾಣದ್ದು ನಾಳೆ ಬೇರೆಯವರಿಗೆ ಕಂಡೀತು.

ಅರಣ್ಯ ಇಲಾಖೆಯ ಅನುಮತಿಗೆ ಇವತ್ತೇ ಅರ್ಜಿ ಹಾಕು, ಅದು ಬರುವಷ್ಟರಲ್ಲಿ ಪೂರ್ತಿ ಒಂದು ಋತು ಕಳೆದಿರಬಹುದು. ಹಕ್ಕಿಯಿಂದ ತೆಗೆಯುವ ರಕ್ತ ಅದರ ತೂಕದ ಶೇಕಡ 1 ಮೀರಕೂಡದು. 12 ಗ್ರಾಂ ಹಕ್ಕಿಯೆಂದರೆ ಹೆಚ್ಚೆಂದರೆ 120 ಮೈಕ್ರೋಲೀಟರ್, ನಿನಗೆ ಅದರ ಅರ್ಧವೂ ಬೇಕಾಗಿಲ್ಲ. ಹಕ್ಕಿಯ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದರಿಂದ ಒಂದು ಹನಿಯಲ್ಲೇ ಹಕ್ಕಿಯ ಡಿಎನ್‌ಎ ಬೇಕಾದಷ್ಟು ಸಿಗುತ್ತದೆ. ಮಳೆ ಹನಿಯುವಾಗ ಬಲೆ ಬಿಚ್ಚಿಡಬೇಡ, ಒದ್ದೆ ಹಕ್ಕಿ ಚಳಿಗೆ ಸಾಯುತ್ತದೆ. ನಿನ್ನ ಜೊತೆ ಬರುವ ಕಾವಲುಗಾರರನ್ನು, ದಾರಿ ತೋರಿಸುವ ಸ್ಥಳೀಯರನ್ನು ಕೇಳು: ನೊರಜು ಯಾವ ಹೊತ್ತಿಗೆ ಜಾಸ್ತಿ, ಯಾವ ಹಳ್ಳದ ಬದಿ ಕೂರಲಿಕ್ಕಾಗುವುದಿಲ್ಲ ಅಂತ. ಅವರ ಮೈಗೆ ಗೊತ್ತಿರುತ್ತದೆ. ಆ ಕಡೆಯಲ್ಲೇ ಬೆಳಕಿನ ಬಲೆ ಇಡು.

ಸ್ಲೈಡಿಗೆ ಬಣ್ಣ ಹಾಕಲು ನಿಮ್ಮ ಲ್ಯಾಬಿನಲ್ಲಿ ಯಾರಿಗೂ ಬರುವುದಿಲ್ಲ ಅಂತ ನೀನು ಬರೆದಿದ್ದೆ. ದಸರಾ ರಜೆಗೆ ಬಂದರೆ ನಾನೇ ಹೇಳಿಕೊಡುತ್ತೇನೆ. ಬರುವಾಗ ಗೀಮ್ಸಾ ಬಾಟಲಿ, ಮೆಥನಾಲ್, ಪಿಎಚ್ 7.2ರ ಬಫರ್ ಮಾತ್ರೆ ನೀನೇ ತಾ. ನಮ್ಮ ಬಾವಿ ನೀರು ಅದಕ್ಕಾಗುವುದಿಲ್ಲ, ಪರಾವಲಂಬಿಯ ಕೋಶಕೇಂದ್ರ ಕೆಂಪಾಗಬೇಕಾದಲ್ಲಿ ನೀಲಿಯಾಗಿ ಕೂರುತ್ತದೆ.